ಪಾರ್ಟ್ ಟೂಗೆ ಹೋಗೋದಾ ಬ್ಯಾಡ್ವಾ? ಮೊದ್ಲು ಮುಗಿಯುತ್ತಾ ಹೇಳ್ರಪ್ಪ!

ನಮಸ್ಕಾರ್ರೀ, ದಾವಣಗೆರೆಯಿಂದ ನಿಮ್ಮ ಬಾಯಿಬಡುಕ ಅಣ್ಣ ಬಂದೀನಿ. ಊಟ ಆತಾ? ಆಗಿಲ್ಲ ಅಂದ್ರೆ ಮಂಡಕ್ಕಿ ಮಿರ್ಚಿ ಇಟ್ಕೊಂಡು ಕೂತ್ಕಳ್ರಿ, ಇವತ್ತು ನನಗೆ ಸ್ವಲ್ಪ ಉರಿದೈತೆ.

ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಾನೆ: "ಅಣ್ಣ, ಆ ಹೊಸ ಪಾರ್ಟ್ ಟೂ ಮೂರೂಕಾಲು ಗಂಟೆ ಐತಂತೆ. ಥಿಯೇಟ್ರಿಗೆ ಹೋಗ್ಲಾ, ಓಟಿಟಿಗೆ ಬರೋ ತನ ಕಾಯ್ಲಾ? ಒಂದೇ ಮಾತಲ್ಲಿ ಹೇಳಿ, ನೀವು ಸಿನಿಮಾಕ್ಕಿಂತ ಉದ್ದ ಎಳೀತೀರಿ."

ತಮ್ಮಾ, ಒಂದೇ ಮಾತಲ್ಲಿ ಬೇಕಾ? ತಗೋ. ಮುಗಿಯುತ್ತಾ? ಅಷ್ಟೇ. ಆ ಸಿನಿಮಾ ಮುಗಿಯೋದಾದ್ರೆ ಹೋಗು. ಮುಗಿಯಲ್ಲ ಅಂದ್ರೆ ಮನೇಲಿ ಮಲಗು. ಆತು, ವಿಡಿಯೋ ಖತಂ, ಲೈಕ್ ಒತ್ತು. ಏಯ್ ಎಲ್ಲಿಗೆ ಹೊಂಟ್ರಿ? ಕೂತ್ಕಳ್ರಿ, ಈಗ ಶುರು.

ಸಿನಿಮಾ ಹೆಸರು ನಾನು ಹೇಳಲ್ಲ. ಹೇಳಿದ್ರೆ ಅಭಿಮಾನಿಗಳು ಮನೆ ಹುಡುಕ್ಕೊಂಡು ಬರ್ತಾರೆ, ನಮ್ಮ ಓಣೀಲಿ ಗಾಡಿ ನಿಲ್ಸೋಕೆ ಮೊದ್ಲೇ ಜಾಗ ಇಲ್ಲ.

ಉದ್ದ ಉದ್ದ ಅಂತ ಅಳ್ತೀರಲ್ಲ, ಉದ್ದಕ್ಕೆ ನಾವು ಯಾವತ್ತು ಹೆದರಿದ್ವಿ? ನಮ್ಮ ಕಡೆ ಹಳ್ಳೀಲಿ ಬಯಲಾಟ ಅಂದ್ರೆ ರಾತ್ರಿ ಉಂಡು ಕೂತ್ರೆ ಬೆಳಕು ಹರಿಯೋ ತನ. ಕಂಬಳಿ ಹೊದ್ಕೊಂಡ ಅಜ್ಜ ನಡುವೆ ಒಂದು ನಿದ್ದೆ ತೆಗೆದು ಎದ್ರೂ ಭೀಮ ಇನ್ನೂ ಗದೆ ತಿರುಗಿಸ್ತಾನೇ ಇರ್ತಿದ್ದ. ಯಾರಾದ್ರೂ ಬೈದ್ರಾ? ಇಲ್ಲ. ಯಾಕಂದ್ರೆ ಬೆಳಗಾತ ಮಂಗಳ ಹಾಡ್ತಿದ್ರು! ದುರ್ಯೋಧನ ಬಿದ್ದ, ಆಟ ಮುಗೀತು, ನಡೀರಿ ಮನೆಗೆ. ಇದು ನಾಟಕ ಕಂಪನಿ ನೋಡಿ ಬೆಳೆದ ಊರು ಸ್ವಾಮಿ, ರಂಗನಟಿ ಚಿಂದೋಡಿ ಲೀಲಾ ಅವರ ಊರು. ಆ ಟೆಂಟಲ್ಲಿ ಪರದೆ ಇಳಿಸಿ "ಖಳನಾಯಕ ಏನಾದ ಅಂತ ಮೂರು ವರ್ಷ ಬಿಟ್ಟು ಹೇಳ್ತೀವಿ" ಅಂದಿದ್ರೆ ಕುರ್ಚಿ ಹಾರಿ ಸ್ಟೇಜಿಗೆ ಬರ್ತಿದ್ವು.

ಈಗ ಲೆಕ್ಕ ನೋಡ್ರಿ. 2015ರ ಜುಲೈನಲ್ಲಿ ಕಟ್ಟಪ್ಪ ಬಾಹುಬಲಿನ ಯಾಕೆ ಕೊಂದ ಅಂತ ತಲೇಲಿ ಹುಳ ಬಿಟ್ಟು ಕಳಿಸಿದ್ರು. 2017ರ ಏಪ್ರಿಲ್ 28ಕ್ಕೆ ಉತ್ತರ ಕೊಟ್ರು. ಭಲ್ಲಾಳದೇವ ಬೆಂದ, ಮುಗೀತು. ಹೊಟ್ಟೆ ತುಂಬಿತು. ಇನ್ನೊಂದು ಕಡೆ ಪುಷ್ಪ. 2021ರ ಡಿಸೆಂಬರ್‌ಗೆ ಒಂದು, 2024ರ ಡಿಸೆಂಬರ್ 5ಕ್ಕೆ ಎರಡು. ಎರಡನೇದು ಎಷ್ಟು? 200 ನಿಮಿಷ! ಇನ್ನೂರು ನಿಮಿಷ ಕೂತು, ಸೊಂಟ ಹಿಡ್ಕೊಂಡು, ಹಾಂ ಇನ್ನೇನು ಮುಗೀತು ಅಂತ ಚಪ್ಪಲಿ ಹುಡುಕ್ತಾ ಇದ್ರೆ, ಢಂ ಅಂತ ಬಾಂಬು. ಪಾರ್ಟ್ ತ್ರೀ ಐತೆ, ಬರ್ರಿ. ಲೇ, ಎಲ್ಲಿಗೆ ಬರ್ಲಿ?

"ಅಣ್ಣ, ನಮ್ಮ ಕೆಜಿಎಫ್ ಟೂನಲ್ಲೂ ಕೊನೆಗೆ ಮೂರನೇದರ ಸುಳಿವು ಕೊಟ್ರಲ್ಲ?" ಕೊಟ್ರು. ಆದ್ರೆ ಅದು ನಮ್ಮೋರದ್ದು. ಬಿಡ್ರಿ ಅದನ್ನ. ಮತ್ತೆ ಅಲ್ಲಿ ರಾಕಿ ಕಥೆ ಮುಗಿಸಿ ಆಮೇಲೆ ಬಾಲ ಅಂಟಿಸಿದ್ರು, 168 ನಿಮಿಷದಲ್ಲೇ ಕಳಿಸಿದ್ರು. ಕ್ಯಾಮೆರಾ ಹಿಡಿದಿರೋ ನಮ್ಮ ಹುಡುಗ ನಗ್ತಾನೆ. ನಗಬ್ಯಾಡ, ಫೋಕಸ್ ಮಾಡು.

ಆ ಪುಷ್ಪದ್ದೇ ಇನ್ನೊಂದು ಐತೆ, ಅದಂತೂ ನನ್ನ ಎದೆಗೆ ಚುಚ್ಚಿದ್ದು. 2025ರ ಜನವರಿ 17ಕ್ಕೆ ಅದೇ ಸಿನಿಮಾಕ್ಕೆ 20 ನಿಮಿಷ ಸೇರ್ಸಿ ಮತ್ತೆ ಬಿಟ್ರು. ಅಂದ್ರೆ ಮೊದಲ ದಿನ ಶಿಳ್ಳೆ ಹಾಕ್ಕೊಂಡು ಹೋದೋನು ನೋಡಿದ್ದು ಏನು? ಕಡಿಮೆ ಸಿನಿಮಾ! ಅವನು ಏನು ಪಾಪ ಮಾಡಿದ್ದ? ಜನವರಿ 30ಕ್ಕೆ ನೆಟ್‌ಫ್ಲಿಕ್ಸಿಗೂ ಬಂತು, ಸೇರ್ಸಿದ್ದನ್ನೂ ಸೇರ್ಸಿ. ಎಂಟು ವಾರ ಮನೇಲಿ ಮಲಗಿದ್ದೋನಿಗೆ ಪೂರ್ತಿ, ಲೈನಲ್ಲಿ ನಿಂತೋನಿಗೆ ಅರೆಬರೆ. ಅಭಿಮಾನಕ್ಕೆ ಸಿಕ್ಕ ಬಹುಮಾನ ನೋಡ್ರಿ ಇದು.

ದುಡ್ಡಿನ ಮಾತು ನಾನು ಎತ್ತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ 200 ರೂಪಾಯಿ ದಾಟಬಾರದು ಅಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತು, ಅದರ ಕಥೇನೂ ಸೀಕ್ವೆಲ್ಲೇ. ನಾನು ಹೇಳ್ತಿರೋದು ಹೊತ್ತಿನ ಮಾತು. ಜಗಳೂರಿಂದ, ಹೊನ್ನಾಳಿಯಿಂದ, ಚನ್ನಗಿರಿಯಿಂದ ಬಸ್ಸು ಹತ್ತಿ ಬರ್ತಾರಲ್ಲ, ಅವರ ಮಾತು. ಮೂರೂಕಾಲು ಗಂಟೆ ಸಿನಿಮಾ ಅಂದ್ರೆ ಜಾಹೀರಾತು, ಇಂಟರ್‌ವೆಲ್ ಎಲ್ಲ ಸೇರಿ ನಾಲ್ಕು ಗಂಟೆ ಹತ್ರ. ಸೆಕೆಂಡ್ ಶೋ ಬಿಡೋ ಹೊತ್ತಿಗೆ ಊರಿನ ಬಸ್ಸು ಯಾವಾಗ್ಲೋ ಹೋಗಿರ್ತದೆ. ರಾತ್ರಿ ಬಸ್ ಸ್ಟ್ಯಾಂಡಲ್ಲಿ ಸೊಳ್ಳೆ ಹೊಡ್ಕೊಂಡು ಕೂತೋನಿಗೆ ಕೊನೆಗೆ ಏನಾತು ಅನ್ನೋದಾದ್ರೂ ಗೊತ್ತಿರಬೇಕೋ ಬ್ಯಾಡ್ವೋ? ಕಾಯೋದು ನಮಗೆ ಹೊಸದಲ್ಲ. ಅಶೋಕ ಟಾಕೀಸ್ ರೈಲ್ವೆ ಗೇಟಲ್ಲಿ ಕಾದು ಕಾದು ಗಟ್ಟಿಯಾದ ಜನ ನಾವು. ಆದ್ರೆ ರೈಲು ಹೋದಮೇಲೆ ಆ ಗೇಟೂ ತೆಗೀತಿತ್ತು ಕಣ್ರಿ!

ಈಗ ಬರ್ತಾರೆ ನೋಡ್ರಿ ಬುದ್ಧಿವಂತರು. "ಬ್ರೋ, ಬಿಗ್ ಸ್ಕ್ರೀನ್ ಅನುಭವ, ಆ ಸೌಂಡು, ಆ ವಿಷುವಲ್ಸು." ಹೌದಪ್ಪ, ಸೌಂಡು ಜೋರು ಐತೆ, ಸೀಟೇ ನಡುಗ್ತು. ಮುಗೀತಾ? "ಬ್ರೋ, ಅದೊಂದು ಯೂನಿವರ್ಸ್." ಯೂನಿವರ್ಸ್ ಇಟ್ಕೋ, ಮುಗೀತಾ? "ಹಾಲಿವುಡ್ ನೋಡು." ನೋಡಿದೆ. ಅವೆಂಜರ್ಸ್ ಎಂಡ್‌ಗೇಮ್ 181 ನಿಮಿಷ, ಹೆಸರಲ್ಲೇ ಎಂಡ್ ಐತೆ, ಮುಗಿಸಿದ್ರು. ಇನ್ನೊಬ್ಬ ಅಂತಾನೆ, "ಮುಗಿಯುತ್ತಾ ಅಂತ ಕೇಳೋದೇ ಸ್ಪಾಯ್ಲರ್ ಅಣ್ಣ." ಏನ್ ಸ್ಪಾಯ್ಲರ್ರೋ? ಯಾರು ಸತ್ತ ಕೇಳಿದ್ನಾ? ಯಾರ ಮಗ ಯಾರು ಕೇಳಿದ್ನಾ? ಅಂಗಡಿಯೋನು ಕೂಡ ಅರ್ಧ ಕೇಜಿ ಅಂದ್ರೆ ಅರ್ಧ ಕೇಜಿ ಅಂತ ಹೇಳಿ ಕೊಡ್ತಾನೆ!

ನನ್ನದೊಂದು ಬೇಡಿಕೆ ಐತೆ. ಸಿನಿಮಾ ಶುರುವಿಗೆ ಸೆನ್ಸಾರ್ ಸರ್ಟಿಫಿಕೇಟ್ ತೋರಿಸ್ತಾರಲ್ಲ, ಅದ್ರಲ್ಲಿ ಎಷ್ಟು ನಿಮಿಷ ಅಂತ ಇರ್ತದೆ. ಈಗ ಮಕ್ಕಳು ದೊಡ್ಡೋರನ್ನ ಕೇಳಿ ನೋಡ್ಲಿ ಅನ್ನೋ ಯು/ಎ ಮುದ್ರೇನೂ ವಯಸ್ಸಿನ ಲೆಕ್ಕದಲ್ಲಿ 7+, 13+, 16+ ಅಂತ ಮೂರು ಪಾಲು ಮಾಡಿದಾರೆ. ಅಷ್ಟು ಮಾಡಿದೋರಿಗೆ ಪಕ್ಕದಲ್ಲಿ ಇನ್ನೊಂದು ಮುದ್ರೆ ಒತ್ತೋಕೆ ಏನು ರೋಗ? "ಮುಗಿಯುತ್ತೆ", "ಮುಗಿಯಲ್ಲ". ಪೋಸ್ಟರಲ್ಲೂ ಹಾಕ್ಲಿ, ಹೀರೋ ಮುಖದಷ್ಟೇ ದಪ್ಪ ಅಕ್ಷರದಲ್ಲಿ. ನಾನೇ ಟೀ ಶರ್ಟ್ ಮಾಡಿಸ್ತೀನಿ, ಎದೆ ಮೇಲೆ "ಮುಗಿಯುತ್ತಾ?", ಬೆನ್ನ ಮೇಲೆ ನಮ್ಮ ಚಾನೆಲ್ ಹೆಸರು. ಬೇಕಾದೋರು ಸೈಜ್ ಹೇಳ್ರಿ. ಡಬಲ್ ಎಕ್ಸೆಲ್ ಜಾಸ್ತಿ ಮಾಡಿಸಬೇಕು, ಬೆಣ್ಣೆ ದೋಸೆ ಊರಿದು.

ಮಾತು ಮಾತಿಗೆ ಬಂತು, ಬೆಣ್ಣೆ ದೋಸೆ ವಿಡಿಯೋ ಎರಡನೇ ಭಾಗ ಮುಂದಿನ ವಾರ ಬಿಡ್ತೀನಿ. ಏನ್ ನಗ್ತೀಯಲೇ? ಅದು ಬೇರೆ. ಅದು ದೋಸೆ. ಒಂದು ವಿಡಿಯೋದಲ್ಲಿ ಎಲ್ಲ ಅಂಗಡಿ ಹಿಡಿಯಲ್ಲ. ಮೂರನೇದೂ ಬರಬಹುದು. ಬೆಲ್ ಒತ್ತಿ ಇಟ್ಕಳ್ರಿ.

ಸರಿ, ಇಷ್ಟು ಬಡ್ಕೊಂಡ್ರೂ ಹೋಗೋರು ಹೋಗೇ ಹೋಗ್ತೀರಿ, ನನಗೆ ಗೊತ್ತು. ಮ್ಯಾಟ್ನಿಗೆ ಹೋಗ್ರಿ, ಬೆಳಕಿರುವಾಗ್ಲೇ ಹೊರಗೆ ಬರಬಹುದು. ಇಂಟರ್‌ವೆಲ್‌ಗೆ ಲೈಟ್ ಹತ್ತೋದಕ್ಕೆ ಎರಡು ನಿಮಿಷ ಮುಂಚೆ ಎದ್ರೆ ಬಾತ್‌ರೂಮಿಗೆ ಲೈನ್ ಇರಲ್ಲ. ಪುಟ್ಟ ಮಕ್ಕಳನ್ನ ಕರ್ಕೊಂಡು ಹೋಗಬ್ಯಾಡ್ರಿ, ಅವು ಅಳ್ತಾವೆ, ಅವುಕ್ಕಿಂತ ಮೊದ್ಲು ನೀವು ಅಳ್ತೀರಿ. ಆ ಪ್ರಶ್ನೆ ಕೇಳಿದ ತಮ್ಮ, ನೀನು ಹೋಗಿ ಬಂದ್ರೆ ನನಗೊಂದು ಮಾತು ಬರಿ. ನಾನೂ ಟಿಕೆಟ್... ಏಯ್ ಅದನ್ನ ತೋರಿಸ್ಬ್ಯಾಡ, ಕ್ಯಾಮೆರಾ ಈ ಕಡೆ ಹಿಡಿ. ಭಾನುವಾರಕ್ಕೆ ಬುಕ್ ಮಾಡಿದೀನಿ, ಏನೀಗ? ನಾನು ನೋಡದೆ ನಿಮಗೆ ಹೇಳೋದು ಹೆಂಗೆ? ಆಫ್ ಮಾಡು, ಆಫ್ ಮಾಡು.