ಈ ಮೀನಿನ ಎರಡೂ ಕಣ್ಣು ಒಂದೇ ಕಡೆ ಯಾಕೆ?

[ಪರದೆಯಲ್ಲಿ: ನಂಗ್ ಮೀನು, ತೀರಾ ಹತ್ತಿರದಿಂದ]

ನಮಸ್ಕಾರ. ಮಂಗಳೂರು, ಉಡುಪಿ ಕಡೆಯವರಿಗೆ ಇದು ನಂಗ್. ಕೊಂಕಣಿಯವರಿಗೆ ಲೆಪೊ. ಚರ್ಮ ಸುಲಿದು, ಮಸಾಲೆ ಹಚ್ಚಿ, ಕಾವಲಿಗೆ ಹಾಕಿದರೆ ಎಷ್ಟು ರುಚಿ ಅಂತ ತಿಂದವರಿಗೇ ಗೊತ್ತು. ಆದರೆ ಇವತ್ತು ತಲೆ ನೋಡಿ. ಎರಡೂ ಕಣ್ಣು ಎಡಬದಿಯಲ್ಲೇ ಇವೆ. ತಿರುವಿ ಹಾಕಿದರೆ ಬಲಬದಿಯಲ್ಲಿ ಕಣ್ಣೇ ಇಲ್ಲ.

ಪ್ರಾಣಿಗಳ ಮೈ ಹೊರಗಿನಿಂದ ಸಾಮಾನ್ಯವಾಗಿ ಎಡ-ಬಲ ಸಮ. ನೇರವಾಗಿ ಓಡಲು, ಈಜಲು ಅದೇ ಅನುಕೂಲ. ಇದು ನಿಮಗೆ ಗೊತ್ತಿರುವುದೇ, ಮುಂದೆ ಹೋಗೋಣ.

ಚಪ್ಪಟೆ ಮೀನುಗಳಲ್ಲಿ 700ಕ್ಕೂ ಜಾಸ್ತಿ ಜಾತಿಗಳಿವೆ. ಯಾವುದೂ ಹುಟ್ಟುವಾಗ ಹೀಗಿರುವುದಿಲ್ಲ. ಮರಿ ಬೇರೆ ಮೀನುಗಳ ಹಾಗೇ ನೆಟ್ಟಗೆ ಈಜುತ್ತದೆ, ಆಚೆಗೊಂದು ಈಚೆಗೊಂದು ಕಣ್ಣು. ಸ್ವಲ್ಪ ಬೆಳೆದ ಮೇಲೆ ಥೈರಾಯ್ಡ್ ಹಾರ್ಮೋನ್ ಏರುತ್ತದೆ. ಗೊದಮೊಟ್ಟೆಯನ್ನು ಕಪ್ಪೆ ಮಾಡುವುದೂ ಇದೇ ಹಾರ್ಮೋನ್. ತಲೆಬುರುಡೆ ತಿರುಚಿಕೊಳ್ಳುತ್ತದೆ, ಒಂದು ಕಣ್ಣು ನೆತ್ತಿಯ ಕಡೆಯಿಂದ ಆಚೆ ಬದಿಗೆ ಸರಿಯುತ್ತದೆ. ಆಮೇಲೆ ಮೀನು ತಳದ ಮರಳಿನಲ್ಲಿ ಮಗ್ಗುಲಾಗಿ ಮಲಗಿ, ಎರಡೂ ಕಣ್ಣಿಂದ ಮೇಲೆ ನೋಡುತ್ತದೆ.

[ಪರದೆಯಲ್ಲಿ: ಕಣ್ಣು ಸರಿಯುವ ಆನಿಮೇಷನ್. ನಿಧಾನವಾಗಿ, ಎರಡು ಸಲ]

ಈಗ ಅಸಲಿ ಪ್ರಶ್ನೆ. ವಿಕಾಸ ಅಂದರೆ ಸ್ವಲ್ಪಸ್ವಲ್ಪವಾಗಿ ಬದಲಾಗುವುದು, ಅಲ್ವಾ? ಹಾಗಾದರೆ ಇವುಗಳ ಪೂರ್ವಜರಲ್ಲಿ ಕಣ್ಣು ಅರ್ಧ ದಾರಿಯಲ್ಲೇ ನಿಂತ ಮೀನು ಇರಬೇಕಿತ್ತು. ಮಲಗಿದರೆ ಆ ಕಣ್ಣು ಇನ್ನೂ ಮರಳಿನ ಕಡೆಗೇ. ಅದರಿಂದ ಏನು ಲಾಭ?

1871ರಲ್ಲಿ ಸೇಂಟ್ ಜಾರ್ಜ್ ಮೈವಾರ್ಟ್ ಎಂಬ ಜೀವವಿಜ್ಞಾನಿ ಡಾರ್ವಿನ್‌ಗೆ ಒಡ್ಡಿದ ಸವಾಲು ಇದೇ. ಒಳ್ಳೆಯ ಪ್ರಶ್ನೆ, ಯಾರಾದರೂ ಕೇಳಲೇಬೇಕಿತ್ತು. 1872ರಲ್ಲಿ ಡಾರ್ವಿನ್ ಉತ್ತರಿಸಿದರು: ಮಗ್ಗುಲಾಗಿ ಬಿದ್ದ ಮರಿಗಳು ಕೆಳಗಿನ ಕಣ್ಣನ್ನು ಮೇಲಕ್ಕೆ ತಿರುಗಿಸಲು ಒದ್ದಾಡುತ್ತವೆ, ಆ ಅಭ್ಯಾಸವೇ ಮುಂದಿನ ಪೀಳಿಗೆಗಳಿಗೆ ಇಳಿದು ಬಂದಿದೆ ಎಂದು. ಅಭ್ಯಾಸ ಹಾಗೆ ಇಳಿದು ಬರುತ್ತದೆ ಅಂತ ಇವತ್ತು ಯಾರೂ ಒಪ್ಪುವುದಿಲ್ಲ.

ಸಾಕ್ಷಿ ಸಿಕ್ಕಿದ್ದು 2008ರಲ್ಲಿ. ಇಟಲಿಯ ಮೊಂಟೆ ಬೋಲ್ಕಾದಲ್ಲಿ ಸಿಕ್ಕ, ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಮ್ಯಾಟ್ ಫ್ರೀಡ್‌ಮನ್ ಎಂಬ ವಿಜ್ಞಾನಿ ಮತ್ತೆ ಪರೀಕ್ಷಿಸಿದರು. ಆಂಫಿಸ್ಟಿಯಮ್, ಹೆಟೆರೊನೆಕ್ಟೀಸ್ ಅಂತ ಎರಡು ಮೀನು. ಒಂದು ಕಣ್ಣು ಮೇಲಕ್ಕೆ ಸರಿದಿದೆ, ಆದರೆ ನೆತ್ತಿ ದಾಟಿಲ್ಲ! ಮರಿ ಇರಬಹುದು, ಕಣ್ಣು ಇನ್ನೂ ದಾರಿಯಲ್ಲಿದೆ ಅಂತೀರಾ? ಇಲ್ಲ, ಮೂಳೆ ಪೂರ್ತಿ ಬಲಿತ ದೊಡ್ಡ ಮೀನುಗಳು. ಆಂಫಿಸ್ಟಿಯಮ್ ವಿಜ್ಞಾನಿಗಳಿಗೆ ಹೊಸದೇನಲ್ಲ. ಮೈವಾರ್ಟ್ ಪ್ರಶ್ನೆ ಕೇಳುವ ಮೊದಲೇ ಅದಕ್ಕೆ ಹೆಸರಿಟ್ಟಾಗಿತ್ತು. ಉತ್ತರ ಮ್ಯೂಸಿಯಂನಲ್ಲೇ ಇತ್ತು, ಆ ಕಣ್ಣನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಸರಿ, ಅರ್ಧ ಸರಿದ ಕಣ್ಣಿಂದ ಲಾಭ ಏನು? ಚಾಪೆ ಮೇಲೆ ಮಗ್ಗುಲಾಗಿ ಮಲಗಿ ಟಿವಿ ನೋಡುವಾಗ ಏನು ಮಾಡುತ್ತೀರಿ? ಮೊಣಕೈ ಊರಿ, ಅಂಗೈ ಮೇಲೆ ತಲೆ ಇಟ್ಟುಕೊಳ್ಳುತ್ತೀರಿ. ತಲೆ ಒಂದಿಷ್ಟು ಎತ್ತರಕ್ಕೆ ಬಂದರೆ ಸಾಕು, ಕೆಳಗಿನ ಕಣ್ಣಿಗೂ ಟಿವಿ ಕಾಣುತ್ತದೆ. ಈಗಿನ ಕೆಲವು ಚಪ್ಪಟೆ ಮೀನುಗಳೂ ಅಂಚಿನ ಈಜುರೆಕ್ಕೆಗಳನ್ನು ಊರಿ ತಲೆಯನ್ನು ಮರಳಿನಿಂದ ಮೇಲೆತ್ತುತ್ತವೆ. ಆ ಹಳೆಯ ಮೀನುಗಳೂ ಹಾಗೇ ಮಾಡಿದ್ದರೆ, ಕಣ್ಣು ಮೇಲೆ ಸರಿದಷ್ಟೂ ನೋಟ ಜಾಸ್ತಿ. ಪೂರ್ತಿ ದಾಟಲೇಬೇಕು ಅಂತೇನಿಲ್ಲ. ನಮ್ಮ ಅರಬ್ಬಿ ಸಮುದ್ರದಲ್ಲೂ ಇರುವ ಇಂಡಿಯನ್ ಹಾಲಿಬಟ್ ನೋಡಿ, ಅದರ ಸರಿದ ಕಣ್ಣು ಇವತ್ತಿಗೂ ನೆತ್ತಿಯ ಅಂಚಿನಲ್ಲೇ ಇದೆ.

[ಪರದೆಯಲ್ಲಿ: ಏಡಿ, ಗೂಬೆ, ಹಾವು]

ಎಡ-ಬಲ ಸಮ ಇಲ್ಲದ ಪ್ರಾಣಿಗಳು ಇನ್ನೂ ಇವೆ. ಸಮಯ ಕಮ್ಮಿ ಇದೆ, ಅವು ಬೇಗಬೇಗ. ಕಾಂಡ್ಲಾ ಗಿಡಗಳ ಕೆಸರಿನಲ್ಲಿರುವ ಫಿಡ್ಲರ್ ಏಡಿ: ಗಂಡಿಗೆ ಒಂದು ಇಕ್ಕಳ ಭಾರಿ ದೊಡ್ಡದು, ಇನ್ನೊಂದು ಪುಟ್ಟದು. ದೊಡ್ಡದನ್ನು ಬೀಸಿ ಹೆಣ್ಣನ್ನು ಕರೆಯುತ್ತದೆ, ಪುಟ್ಟದರಿಂದ ಊಟ. ಕಣಜ ಗೂಬೆಯ ಒಂದು ಕಿವಿ ಇನ್ನೊಂದಕ್ಕಿಂತ ಮೇಲಿದೆ. ಹಾಗಾಗಿ ಸದ್ದು ಎಷ್ಟು ಎತ್ತರದಿಂದ ಬಂತು ಅಂತ ಕತ್ತಲಲ್ಲೂ ತಿಳಿಯುತ್ತದೆ. ಇನ್ನು ಜಪಾನಿನ ಇವಾಸಾಕಿ ಹಾವು, ಅದರ ಊಟ ಬಸವನಹುಳು. ಕೆಳದವಡೆಯ ಬಲಗಡೆ ಸುಮಾರು 25 ಹಲ್ಲು, ಎಡಗಡೆ 18. ಬಸವನಹುಳುಗಳ ಚಿಪ್ಪು ಹೆಚ್ಚಾಗಿ ಬಲಕ್ಕೆ ಸುತ್ತಿಕೊಂಡಿರುತ್ತದೆ, ದವಡೆ ಅದಕ್ಕೆ ಹೊಂದಿಕೊಂಡಿದೆ. ಎಡಕ್ಕೆ ಸುತ್ತಿದ ಹುಳು ಸಿಕ್ಕರೆ ಹಾವಿಗೆ ಹಿಡಿತ ತಪ್ಪುತ್ತದೆ. ಇಂಥ ಹಾವುಗಳಿರುವ ಪ್ರದೇಶಗಳಲ್ಲಿ ಎಡಸುರುಳಿ ಹುಳುಗಳು ಜಾಸ್ತಿ ಇವೆ.