ಎರಡನೇ ಡಿವಿಷನ್ನಿನಲ್ಲಿ ಹುಟ್ಟಿದ ಆಟ: ಸ್ಪರ್ಸ್, 1949–50

ಗೆಳೆಯರೆ, ನಮಸ್ಕಾರ.

ಉತ್ತರ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಟಾಟನ್‌ಹ್ಯಾಮ್ ಹಾಟ್‌ಸ್ಪರ್, ಅಂದರೆ ಸ್ಪರ್ಸ್, ಇದರ ಚರಿತ್ರೆ ಹೇಳುವವರೆಲ್ಲ ಎರಡು ಇಸವಿಗಳ ಹತ್ತಿರ ನಿಲ್ಲುತ್ತಾರೆ. ಒಂದು 1951, ಇಂಗ್ಲೆಂಡಿನ ಲೀಗನ್ನು ಅವರು ಮೊದಲ ಸಲ ಗೆದ್ದ ವರ್ಷ. ಇನ್ನೊಂದು 1961, ಲೀಗ್ ಮತ್ತು ನಾಕೌಟ್ ಪಂದ್ಯಾವಳಿಯಾದ ಎಫ್.ಎ. ಕಪ್ ಎರಡನ್ನೂ ಒಟ್ಟಿಗೆ ಗೆದ್ದ ವರ್ಷ. ನಾನು ಇವತ್ತು ಹೇಳಬೇಕೆಂದಿರುವುದು ಇವೆರಡಕ್ಕಿಂತ ಮುಂಚಿನ 1949–50ರ ಸೀಸನ್ ಬಗ್ಗೆ. ಆಗ ಸ್ಪರ್ಸ್ ಲೀಗಿನ ಮೇಲಿನ ಹಂತಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಎರಡನೇ ಡಿವಿಷನ್ನಿನಲ್ಲಿತ್ತು. ನನ್ನ ಮಟ್ಟಿಗೆ ಆ ಕ್ಲಬ್ಬಿನ ಆಟ ಹುಟ್ಟಿದ್ದು ಆ ವರ್ಷ. ಮುಂದಿನ ವರ್ಷ ಲೀಗ್ ಗೆದ್ದಾಗ ಅದು ಎಲ್ಲರ ಕಣ್ಣಿಗೆ ಬಿತ್ತು, ಅಷ್ಟೇ.

ಆಗಿನ ವ್ಯವಸ್ಥೆ ಹೀಗಿತ್ತು. ಎರಡನೇ ಡಿವಿಷನ್ನಿನಲ್ಲಿ 22 ತಂಡ, ಪ್ರತಿ ತಂಡಕ್ಕೆ 42 ಪಂದ್ಯ. ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು. ಮೇಲಿನ ಇಬ್ಬರಿಗೆ ಮಾತ್ರ ಬಡ್ತಿ. ಸ್ಪರ್ಸ್ 1935ರಲ್ಲಿ ಕೆಳಗೆ ಬಿದ್ದಿದ್ದರು. ನಡುವೆ ಯುದ್ಧ ಬಂದು ಲೀಗೇ ನಿಂತುಹೋಯಿತು. ಯುದ್ಧ ಮುಗಿದು ಲೀಗ್ ಮತ್ತೆ ಶುರುವಾದಾಗಲೂ ಅವರು ಅಲ್ಲೇ ಇದ್ದರು. ಉತ್ತರ ಲಂಡನ್ನಿನ ಒಂದು ಇಡೀ ಪೀಳಿಗೆಯ ಹುಡುಗರು ತಮ್ಮ ತಂಡ ಮೊದಲ ಡಿವಿಷನ್ನಿನಲ್ಲಿ ಆಡಿದ್ದನ್ನು ನೋಡದೆಯೇ ದೊಡ್ಡವರಾದರು. ಪಕ್ಕದ ಆರ್ಸೆನಲ್ ಅಷ್ಟರಲ್ಲಿ ಲೀಗಿನ ಮೇಲೆ ಲೀಗ್ ಗೆದ್ದಿತ್ತು ಎಂಬುದನ್ನು ಇದಕ್ಕೆ ಸೇರಿಸಿಕೊಂಡರೆ ಆ ಸಂಕಟ ಅರ್ಥವಾಗುತ್ತದೆ.

ಆ ಕಾಲದ ಜನಸಂದಣಿಯನ್ನು ಇವತ್ತು ಊಹಿಸುವುದು ಕಷ್ಟ. 1948–49ರಲ್ಲಿ ಇಂಗ್ಲಿಷ್ ಲೀಗಿನ ಪಂದ್ಯಗಳಿಗೆ ಒಟ್ಟು 4 ಕೋಟಿ 10 ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳು ಹೋದವು. ಯುದ್ಧ ಮುಗಿದು ನಾಲ್ಕು ವರ್ಷವಾಗಿದ್ದರೂ ಊಟದ ಪದಾರ್ಥಗಳಿಗೆ ಇನ್ನೂ ರೇಷನ್ ಇತ್ತು. ಕೈಯಲ್ಲಿ ಸಂಬಳವಿದ್ದರೂ ಅಂಗಡಿಯಲ್ಲಿ ಕೊಳ್ಳುವುದಕ್ಕೆ ಸಾಮಾನಿರಲಿಲ್ಲ. ಶನಿವಾರ ಮಧ್ಯಾಹ್ನ ಮೈದಾನಕ್ಕೆ ಹೋಗಿ ನಿಂತು ಆಟ ನೋಡುವುದು ದುಡಿಯುವ ಜನಕ್ಕೆ ಎಟಕುವ ಸಂತೋಷವಾಗಿತ್ತು. 1949–50ರಲ್ಲಿ ಸ್ಪರ್ಸ್‌ನ ಮೈದಾನ ವೈಟ್ ಹಾರ್ಟ್ ಲೇನ್‌ಗೆ ಪ್ರತಿ ಪಂದ್ಯಕ್ಕೂ ಸರಾಸರಿ 54,000 ಜನ ಬಂದರು, ಅದೂ ಎರಡನೇ ಡಿವಿಷನ್ನಿನ ಆಟ ನೋಡಲು!

ಇದೇ ಯುದ್ಧಾನಂತರದ ಲಂಡನ್ನಿನಲ್ಲಿ, ಟಾಟನ್‌ಹ್ಯಾಮ್‌ಗೆ ದೂರವಲ್ಲದ ಇಲ್ಫರ್ಡ್‌ನಲ್ಲಿ, 1948ರ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ ಫ್ರಾನ್ಸ್ ಎದುರು 1–2ರಿಂದ ಸೋತಿತ್ತು. ಭಾರತದ ಆ ಒಂದು ಗೋಲು ಸಾರಂಗಪಾಣಿ ರಾಮನ್ ಅವರದು. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಅವರ ಬಗ್ಗೆ ಬೇರೆಯೇ ಉಪನ್ಯಾಸ ಆಗಬೇಕು.

ಈಗ ಈ ತಂಡದ ಮ್ಯಾನೇಜರ್ ಆರ್ಥರ್ ರೋ ಅವರ ಬಗ್ಗೆ. ಹುಟ್ಟಿದ್ದು ಟಾಟನ್‌ಹ್ಯಾಮ್‌ನಲ್ಲೇ, 1906ರಲ್ಲಿ. ಆಡಿದ್ದೂ ಸ್ಪರ್ಸ್‌ಗೇ. 1933ರಲ್ಲಿ ಕ್ಲಬ್ ಬಡ್ತಿ ಪಡೆದಾಗ ಸೆಂಟರ್ ಹಾಫ್ ಅವರೇ. ಅವರ ಕೆಲಸ ಆಗಿನ ಎಲ್ಲ ಸೆಂಟರ್ ಹಾಫ್‌ಗಳ ಕೆಲಸವೇ: ಎದುರಾಳಿಯ ಮುಂಚೂಣಿ ಆಟಗಾರನನ್ನು ತಡೆದು ನಿಲ್ಲಿಸುವುದು. ಗೋಡೆಯಂತೆ ನಿಂತು ಆಡಿದ ಈ ಮನುಷ್ಯ ಮುಂದೆ ಇಂಗ್ಲೆಂಡಿನ ಅತಿ ಚುರುಕಿನ ತಂಡವನ್ನು ಕಟ್ಟಿದರು ಎಂಬುದು ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಸಂಗತಿ. 1939ರಲ್ಲಿ ಅವರು ತರಬೇತಿ ಕೊಡಲು ಹಂಗೆರಿಗೆ ಹೋದರು. ಯುದ್ಧ ಶುರುವಾದದ್ದರಿಂದ ಮರಳಬೇಕಾಯಿತು. ಆಮೇಲೆ ಚೆಲ್ಮ್ಸ್‌ಫರ್ಡ್ ಸಿಟಿ ಎಂಬ ಸಣ್ಣ ಕ್ಲಬ್ಬನ್ನು ಸದರ್ನ್ ಲೀಗ್ ಗೆಲ್ಲಿಸಿ, 1949ರ ಮೇ ತಿಂಗಳಲ್ಲಿ ತವರು ಕ್ಲಬ್ಬಿಗೆ ಮ್ಯಾನೇಜರ್ ಆಗಿ ಬಂದರು.

ಬಂದವರು ತಂಡವನ್ನು ಬುಡಮೇಲು ಮಾಡಲಿಲ್ಲ. ಗೋಲ್‌ಕೀಪರ್ ಟೆಡ್ ಡಿಚ್‌ಬರ್ನ್, ವೇಲ್ಸ್‌ನ ಗಣಿ ಸೀಮೆಯಿಂದ ಬಂದ ನಾಯಕ ರಾನ್ ಬರ್ಜೆಸ್, ಹದಿಹರೆಯದಲ್ಲೇ ಕ್ಲಬ್ಬಿಗೆ ಸೇರಿದ್ದ ಬಿಲ್ ನಿಕಲ್ಸನ್, ಎಡ್ಡಿ ಬೇಲಿ, ಲೆಸ್ ಬೆನೆಟ್, ಲೆಸ್ ಮೆಡ್ಲಿ, ಸನ್ನಿ ವಾಲ್ಟರ್ಸ್, ಗರ್ನ್ಸಿ ದ್ವೀಪದ ಲೆನ್ ಡುಕೆಮಿನ್, ಇವರೆಲ್ಲ ಮೊದಲೇ ಅಲ್ಲಿದ್ದವರು. ಹೊಸದಾಗಿ ತಂದದ್ದು ಸೌತಾಂಪ್ಟನ್‌ನ ರೈಟ್ ಬ್ಯಾಕ್, ಅಂದರೆ ಬಲಬದಿಯ ರಕ್ಷಣಾ ಆಟಗಾರ, ಆಲ್ಫ್ ರಾಮ್ಸಿಯನ್ನು. ವಿಂಗರ್ ಅರ್ನಿ ಜೋನ್ಸ್ ಅವರನ್ನು ಬಿಟ್ಟುಕೊಟ್ಟದ್ದೂ ಸೇರಿ ಈ ವ್ಯವಹಾರಕ್ಕೆ ಕಟ್ಟಿದ ಬೆಲೆ 21,000 ಪೌಂಡ್. ಫುಲ್ ಬ್ಯಾಕ್ ಒಬ್ಬನಿಗೆ ಅದು ದಾಖಲೆ. ರಾಮ್ಸಿ ಓಟದಲ್ಲಿ ನಿಧಾನಿ. ಗಾಯಗೊಂಡು ಸೌತಾಂಪ್ಟನ್‌ನಲ್ಲಿ ಜಾಗ ಕಳೆದುಕೊಂಡಿದ್ದರು. ಆದರೆ ಚೆಂಡು ಎಲ್ಲಿಗೆ ಹೋಗಬೇಕು ಎಂಬುದು ಅವರಿಗೆ ಗೊತ್ತಿರುತ್ತಿತ್ತು. ರೋ ಅವರಿಗೆ ಬೇಕಾದದ್ದು ಅದು.

ರೋ ಆಡಿಸಿದ ಆಟವನ್ನು ಪತ್ರಿಕೆಗಳು ಪುಶ್ ಅಂಡ್ ರನ್ (ತಳ್ಳು, ಓಡು) ಎಂದು ಕರೆದವು. ರೋ ಅವರಿಗೆ ಆ ಹೆಸರು ಹಿಡಿಸಲಿಲ್ಲ. ಅದರ ಒಳಗುಟ್ಟು ಬೀದಿಯ ಹುಡುಗರಿಗೆಲ್ಲ ಗೊತ್ತಿರುವಂಥದ್ದು: ಚೆಂಡನ್ನು ಗೋಡೆಗೆ ತಳ್ಳಿ, ಎದುರಿನವನನ್ನು ದಾಟಿ ಓಡಿ, ಗೋಡೆಯಿಂದ ಮರಳುವ ಚೆಂಡನ್ನು ಆಚೆ ಬದಿಯಲ್ಲಿ ಹಿಡಿಯುವುದು. ಮೈದಾನದಲ್ಲಿ ಗೋಡೆಯ ಜಾಗಕ್ಕೆ ಜೊತೆಗಾರ ಬರುತ್ತಾನೆ. ಕೊಟ್ಟವನು ನಿಂತು ನೋಡುವಂತಿಲ್ಲ. ಕೊಟ್ಟ ಕ್ಷಣವೇ ಮತ್ತೆ ಪಡೆಯಬಹುದಾದ ಕಡೆಗೆ ಓಡಬೇಕು. ಪಡೆದವನು ಒಂದೇ ಸ್ಪರ್ಶದಲ್ಲಿ ಮರಳಿಸಬೇಕು. ಇದರಲ್ಲಿ ಎಡ್ಡಿ ಬೇಲಿಯವರಷ್ಟು ನುರಿತವರು ಇನ್ನೊಬ್ಬರಿರಲಿಲ್ಲ.

ಹೇಳಲು ಸುಲಭ. ಹನ್ನೊಂದು ಜನ 90 ನಿಮಿಷ ಇದನ್ನು ಮಾಡಬೇಕಾದರೆ ಪ್ರತಿಯೊಬ್ಬನ ಜಾಗವೂ ಬದಲಾಗಬೇಕು. ಗೋಲ್‌ಕೀಪರ್ ಕೈಗೆ ಚೆಂಡು ಬಂದರೆ ಮೈದಾನದ ಅರ್ಧಕ್ಕೆ ಒದೆಯುವುದು ಆಗಿನ ರೂಢಿ. ಡಿಚ್‌ಬರ್ನ್ ಅದನ್ನು ಹತ್ತಿರದ ರಾಮ್ಸಿಗೆ ಕೈಯಲ್ಲೇ ಎಸೆಯತೊಡಗಿದರು. ಅಂದರೆ ದಾಳಿ ತಮ್ಮ ಗೋಲಿನ ಬಾಯಿಂದಲೇ ಶುರು. ವಿಂಗರ್ ವಾಲ್ಟರ್ಸ್ ಅಂಚಿನಲ್ಲಿ ಮುಂದೆ ಕಾಯುವ ಬದಲು ಹಿಂದಕ್ಕೆ ಬಂದು ರಾಮ್ಸಿಯ ಪಾಸ್ ಪಡೆಯುತ್ತಿದ್ದರು. ಅವರನ್ನು ಕಾಯಬೇಕಾದ ಎದುರಾಳಿಗೆ ಪೇಚಾಟ: ಹಿಂಬಾಲಿಸಿದರೆ ಬೆನ್ನ ಹಿಂದೆ ಬಯಲು, ಹಿಂಬಾಲಿಸದಿದ್ದರೆ ವಾಲ್ಟರ್ಸ್‌ಗೆ ಆಡಲು ಬಿಡುವು. ಬರ್ಜೆಸ್ ದಾಳಿಗೆ ನುಗ್ಗಿದಾಗ ನಿಕಲ್ಸನ್ ಹಿಂದೆ ನಿಂತು ಜಾಗ ತುಂಬುತ್ತಿದ್ದರು. ನಿಕಲ್ಸನ್ ಮಾಡಿದ ಕೆಲಸ ಯಾವ ವರದಿಯ ತಲೆಬರಹಕ್ಕೂ ಬರುವಂಥದ್ದಲ್ಲ. ಅದಿಲ್ಲದೆ ಉಳಿದದ್ದೊಂದೂ ನಡೆಯುತ್ತಿರಲಿಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಸೀಸನ್ನಿನ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಆಗಸ್ಟ್ ಕೊನೆಯಿಂದ ಜನವರಿವರೆಗೆ ಲೀಗಿನಲ್ಲಿ 22 ಪಂದ್ಯ ಸೋಲಿಲ್ಲ. ಎಫ್.ಎ. ಕಪ್ಪಿನಲ್ಲಿ ಮೊದಲ ಡಿವಿಷನ್ನಿನ ಸಂಡರ್‌ಲೆಂಡ್ ಬಂದು 1–5ರಿಂದ ಸೋತು ಹೋಯಿತು. ಕೊನೆಗೆ 27 ಗೆಲುವು, 7 ಡ್ರಾ, 8 ಸೋಲು, 61 ಅಂಕ. 81 ಗೋಲು ಹೊಡೆದು 35 ಬಿಟ್ಟುಕೊಟ್ಟರು. ಈ 35ನ್ನು ದಯವಿಟ್ಟು ಗಮನಿಸಿ. ಜನ ದಾಳಿಯನ್ನು ಹೊಗಳಿದರು, ಆದರೆ ಚೆಂಡು ತಮ್ಮ ಬಳಿಯೇ ಇದ್ದದ್ದು ಈ ತಂಡಕ್ಕೆ ರಕ್ಷಣೆಯೂ ಆಗಿತ್ತು.

ಅವರ ಹಿಂದೆ ಒಂಬತ್ತು ಅಂಕ ಕೆಳಗೆ, 52ರಲ್ಲಿ, ಮೂರು ತಂಡಗಳು: ಶೆಫೀಲ್ಡ್ ವೆನ್ಸ್‌ಡೇ, ಶೆಫೀಲ್ಡ್ ಯುನೈಟೆಡ್, ಸೌತಾಂಪ್ಟನ್. ಅಂಕ ಸಮವಾದರೆ ಹೊಡೆದ ಗೋಲನ್ನು ಬಿಟ್ಟ ಗೋಲಿನಿಂದ ಭಾಗಿಸುವುದು ಆಗಿನ ನಿಯಮ. ವೆನ್ಸ್‌ಡೇ 67ಕ್ಕೆ 48, ಯುನೈಟೆಡ್ 68ಕ್ಕೆ 49. ದಶಾಂಶದ ಎರಡನೇ ಸ್ಥಾನದಲ್ಲಿ ವೆನ್ಸ್‌ಡೇಗೆ ಬಡ್ತಿ ಸಿಕ್ಕಿತು, ಅದೇ ಊರಿನ ಯುನೈಟೆಡ್ ಕೆಳಗೇ ಉಳಿಯಿತು. ರಾಮ್ಸಿಯನ್ನು ಬಿಟ್ಟುಕೊಟ್ಟ ಸೌತಾಂಪ್ಟನ್ ಕೂಡ ಉಳಿಯಿತು.

ಇನ್ನೊಂದು ಮಾತು. ಆಟಗಾರನ ಸಂಬಳಕ್ಕೆ ಆಗ ಮಿತಿಯಿತ್ತು: ಸೀಸನ್ನಿನಲ್ಲಿ ವಾರಕ್ಕೆ 12 ಪೌಂಡ್, ಬೇಸಿಗೆಯಲ್ಲಿ 10. ಕ್ಲಬ್ ಒಪ್ಪದೆ ಬೇರೆಡೆ ಹೋಗುವಂತೆಯೂ ಇರಲಿಲ್ಲ. 54,000 ಜನರನ್ನು ಮೈದಾನಕ್ಕೆ ತರುತ್ತಿದ್ದವರಿಗೆ ಇದು ಅನ್ಯಾಯ. ಆದರೆ ರೋ ಅವರ ತಂಡ ಚದುರದೆ ಉಳಿಯಲು ಇದೂ ಒಂದು ಕಾರಣ ಎಂಬುದನ್ನು ಮುಚ್ಚಿಡಬಾರದು. ಒಬ್ಬರ ಓಟ ಇನ್ನೊಬ್ಬರಿಗೆ ನೋಡದೆಯೇ ತಿಳಿಯಬೇಕಾದರೆ ಅದೇ ಹನ್ನೊಂದು ಜನ ಜೊತೆಗಿರಬೇಕು.

ಮೊದಲ ಡಿವಿಷನ್ನಿನ ಮೊದಲ ಪಂದ್ಯದಲ್ಲಿ ಬ್ಲ್ಯಾಕ್‌ಪೂಲ್ ಇವರನ್ನು ವೈಟ್ ಹಾರ್ಟ್ ಲೇನ್‌ನಲ್ಲೇ 4–1ರಿಂದ ಸೋಲಿಸಿತು. ರೋ ಆಟ ಬದಲಿಸಲಿಲ್ಲ. ನವೆಂಬರಿನಲ್ಲಿ ನ್ಯೂಕ್ಯಾಸಲ್ ವಿರುದ್ಧ 7–0. 1951ರ ಏಪ್ರಿಲ್ 28ರಂದು, ಜೊತೆಯಲ್ಲೇ ಬಡ್ತಿ ಪಡೆದ ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ ಡುಕೆಮಿನ್ ಹೊಡೆದ ಒಂದೇ ಗೋಲಿನಿಂದ ಲೀಗ್ ಕೈಸೇರಿತು.

ಆ ಹನ್ನೊಂದು ಜನರಿಗೆ ವಯಸ್ಸಾಯಿತು. ರೋ ಅವರ ಆರೋಗ್ಯ ಕೆಟ್ಟು 1955ರಲ್ಲಿ ರಾಜೀನಾಮೆ ಕೊಟ್ಟರು. ಆದರೆ ಒಬ್ಬ ಹಾಫ್ ಬ್ಯಾಕ್, ಒಬ್ಬ ಫುಲ್ ಬ್ಯಾಕ್ ಅವರಿಂದ ಕಲಿತುಕೊಂಡಿದ್ದರು. 1961ರ ಸ್ಪರ್ಸ್ ನಿಕಲ್ಸನ್ ಕಟ್ಟಿದ ತಂಡ. ರಾಮ್ಸಿ ಇಪ್ಸ್‌ವಿಚ್ ಟೌನ್ ಎಂಬ ಸಣ್ಣ ಕ್ಲಬ್ಬಿನ ಮ್ಯಾನೇಜರ್ ಆಗಿ ಅದೇ 1961ರಲ್ಲಿ ಎರಡನೇ ಡಿವಿಷನ್ ಗೆದ್ದು, ಮರುವರ್ಷವೇ ಮೊದಲ ಡಿವಿಷನ್ ಗೆದ್ದರು. ಸ್ಪರ್ಸ್ ಮಾಡಿದ್ದನ್ನೇ ಮತ್ತೊಮ್ಮೆ ಮಾಡಿದರು. ಆ 1961–62ರಲ್ಲಿ ಇಪ್ಸ್‌ವಿಚ್ ಸ್ಪರ್ಸ್ ಅನ್ನು ತಮ್ಮಲ್ಲಿ 3–2ರಿಂದಲೂ ವೈಟ್ ಹಾರ್ಟ್ ಲೇನ್‌ನಲ್ಲಿ 3–1ರಿಂದಲೂ ಸೋಲಿಸಿತು. ನಿಕಲ್ಸನ್ ತಂಡಕ್ಕೆ ಲೀಗ್ ತಪ್ಪಿದ್ದು ನಾಲ್ಕು ಅಂಕದಿಂದ.