ಕೀಲೆಣ್ಣೆ ಕಾಣದ ಬಂಡಿಗಳು

ಎಲ್ಲರಿಗೂ ನಮಸ್ಕಾರ. ಕೆನಡಾದ ವಿನ್ನಿಪೆಗ್‌ಗೆ ಹೊಸದಾಗಿ ಬಂದ ನಮ್ಮವರು ಮೊದಲು ಚಳಿಯನ್ನು ಬೈಯುತ್ತಾರೆ, ಆಮೇಲೆ ರಸ್ತೆಗಳನ್ನು. ಊರು ಅಂಗೈಯಷ್ಟು ಚಪ್ಪಟೆ, ಅಡ್ಡಕ್ಕೆ ಒಂದು ಗುಡ್ಡ ಇಲ್ಲ, ಆದರೂ ರಸ್ತೆಗಳು ಎಲ್ಲೆಂದರಲ್ಲಿ ಓರೆಯಾಗಿ ಬಂದು ಸೇರುತ್ತವೆ. ಒಂದು ಕೂಡುರಸ್ತೆಗಂತೂ ಜನ ‘ಕನ್‌ಫ್ಯೂಷನ್ ಕಾರ್ನರ್’ ಅಂತಲೇ ಹೆಸರಿಟ್ಟಿದ್ದಾರೆ. ಅದರ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಒಂದು ನದಿ, ಒಂದಿಷ್ಟು ಎತ್ತಿನ ಬಂಡಿ.

ಊರ ನಡುವಿನ ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ. ತೊಂದರೆ ಇರುವುದೇ ಅಲ್ಲಿ. ವಸಂತದಲ್ಲಿ ದಕ್ಷಿಣದ ಹಿಮ ಮೊದಲು ಕರಗುತ್ತದೆ, ಕೆಳಗೆ ಉತ್ತರದಲ್ಲಿ ನದಿ ಇನ್ನೂ ಗಡ್ಡೆ ಕಟ್ಟಿಕೊಂಡಿರುತ್ತದೆ, ನೀರಿಗೆ ಹೋಗಲು ದಾರಿ ಇಲ್ಲದೆ ಬಯಲಿಗೇ ನುಗ್ಗುತ್ತದೆ. ಬಯಲು ಅನ್ನುವುದು ಹಿಂದೆ ಅಗಾಸಿಜ್ ಅನ್ನುವ ದೊಡ್ಡ ಸರೋವರದ ತಳ. ಮಣ್ಣು ಥೇಟ್ ನಮ್ಮ ಎರೆಮಣ್ಣಿನ ಜಾತಿ: ಒಣಗಿದರೆ ಬಿರುಕು, ನೆಂದರೆ ಕಾಲು ಬಿಡುವುದಿಲ್ಲ.

ಈ ಮಣ್ಣಿಗೆ 1812ರಲ್ಲಿ ಲಾರ್ಡ್ ಸೆಲ್‌ಕರ್ಕ್ ಅನ್ನುವ ಸ್ಕಾಟಿಷ್ ಶ್ರೀಮಂತ ಕಳಿಸಿದ ಸ್ಕಾಟ್ಲೆಂಡ್, ಐರ್ಲೆಂಡಿನ ಜನ ಬಂದರು. ನೇಗಿಲಿಲ್ಲ, ಗುದ್ದಲಿಯಲ್ಲಿ ಅಗೆದು ಗೋಧಿ ಬಿತ್ತಿದರು, ಬೆಳೆ ಕೈಕೊಟ್ಟಿತು. ಚಳಿಗಾಲ ದಕ್ಷಿಣದ ಪೆಂಬಿನಾ ಕಡೆ ಹೋಗಿ ಕಾಡೆಮ್ಮೆ ಮಾಂಸದಲ್ಲೇ ಜೀವ ಹಿಡಿದರು. 1818ರಲ್ಲಿ ಮಿಡತೆ. ಬಿತ್ತನೆಗೂ ಕಾಳಿಲ್ಲದೆ 1820ರಲ್ಲಿ ಕೆಲವರು ಹಿಮದ ಮೇಲೆ ನಡೆದು ಮಿಸಿಸಿಪ್ಪಿ ದಡದ ಪ್ರೇರೀ ಡು ಶೀನ್‌ಗೆ ಹೋಗಿ, ಬೀಜದ ಗೋಧಿಯನ್ನು ದೋಣಿಯಲ್ಲಿ ತಂದರು. ನಕ್ಷೆ ತೆಗೆದು ಆ ದೂರ ನೋಡಿ ಒಮ್ಮೆ.

ಇವರನ್ನೇ ‘ಮೊದಲಿಗರು’ ಅನ್ನುವ ಅಭ್ಯಾಸ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಕ್ರೀ, ಅನಿಶಿನಾಬೆ ಜನ ಅಲ್ಲಿ ಆಗಲೇ ಇದ್ದರು. 1817ರಲ್ಲಿ ಪೆಗ್ವಿಸ್ ಮತ್ತು ಇತರ ಮುಖಂಡರು ನದಿಯ ಎರಡೂ ದಡದಲ್ಲಿ ಎರಡೆರಡು ಮೈಲಿ ಜಾಗವನ್ನು ಸೆಲ್‌ಕರ್ಕ್‌ನ ಜನ ಬಳಸಿಕೊಳ್ಳಲು ಒಪ್ಪಿದರು. ಅಳತೆ ಹೇಗೆ ಗೊತ್ತಾ? ಕುದುರೆಯ ಹೊಟ್ಟೆ ಕೆಳಗೆ ಬಗ್ಗಿ ನೋಡಿದರೆ ಬೆಳಕು ಕಾಣುವಷ್ಟು ದೂರ ಅಂತ ಅಲ್ಲಿನವರು ಕತೆ ಹೇಳುತ್ತಾರೆ. ಜೊತೆಗೆ ಮೆಟಿ ಜನ: ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚ್, ಸ್ಕಾಟಿಷ್ ಗಂಡಸರು ಮತ್ತು ಅಲ್ಲಿನ ಹೆಂಗಸರ ಮಕ್ಕಳು ಮೊಮ್ಮಕ್ಕಳು. ದಾರಿ ಮಾಡಿದವರು ಮುಖ್ಯವಾಗಿ ಇವರೇ.

ಇವರ ಬಂಡಿ ನೋಡಿದರೆ ನಮ್ಮ ಹಳ್ಳಿಯ ಬಡಗಿಗೆ ಖುಷಿಯಾಗುತ್ತಿತ್ತು. ಎರಡು ಎತ್ತರದ ಗಾಲಿ, ಒಂದೇ ಎತ್ತು ಅಥವಾ ಕುದುರೆ, ಒಂದು ಮೊಳೆಯೂ ಇಲ್ಲ, ಗಾಲಿಗೆ ಕಬ್ಬಿಣದ ಪಟ್ಟಿಯೂ ಇಲ್ಲ. ಎಲ್ಲ ಮರ, ಕಟ್ಟಲು ಕಾಡೆಮ್ಮೆಯ ಹಸಿ ಚರ್ಮದ ಮಿಣಿ, ಅದು ಒಣಗಿದಾಗ ಬಿಗಿಯುತ್ತದೆ. ಅಚ್ಚು ಮುರಿದರೆ ದಾರಿಯಲ್ಲೇ ಮರ ಕಡಿದು ಹೊಸದು. ಹೊಳೆ ಅಡ್ಡ ಬಂದರೆ ಗಾಲಿ ಬಿಚ್ಚಿ ಕೆಳಗೆ ಕಟ್ಟಿದರು, ಬಂಡಿಯೇ ತೆಪ್ಪ. ನಾವಾದರೆ ಅಚ್ಚಿಗೆ ಕೀಲೆಣ್ಣೆ ಹಾಕದೆ ಬಂಡಿ ಹೂಡುತ್ತೇವಾ? ಇವರು ಹಾಕುತ್ತಿರಲಿಲ್ಲ, ಜಿಡ್ಡಿಗೆ ಧೂಳು ಮೆತ್ತಿ ಅಚ್ಚು ಸವೆಯುತ್ತದೆ ಅಂತ. ಹಾಗಾಗಿ ಬಂಡಿ ಸಾಲು ಬರುವ ಮೊದಲೇ ಮೈಲಿಗಟ್ಟಲೆ ದೂರಕ್ಕೆ ಕಿರುಗುಟ್ಟುವ ಸದ್ದು. 1840ರ ಕಾಡೆಮ್ಮೆ ಬೇಟೆಗೆ ಹೊರಟದ್ದು 1,210 ಬಂಡಿ, ಸುಮಾರು 1,600 ಜನ. ಆ ಸದ್ದು ನೀವೇ ಊಹಿಸಿಕೊಳ್ಳಿ!

ಮುಂದಿನ ಬಂಡಿಯ ಧೂಳು ಕುಡಿಯಲು ಯಾರಿಗೂ ಇಷ್ಟ ಇಲ್ಲ, ಅದರ ಕೊರಕಲಲ್ಲಿ ಸಿಕ್ಕಿಕೊಳ್ಳಲೂ ಇಷ್ಟ ಇಲ್ಲ. ಅದಕ್ಕೆ ಬಂಡಿಗಳು ಒಂದರ ಪಕ್ಕ ಒಂದು ಹರಡಿಕೊಂಡು ಹೋಗುತ್ತಿದ್ದವು. ಇವತ್ತಿನ ಮೇನ್ ಸ್ಟ್ರೀಟ್, ಪೋರ್ಟೇಜ್ ಅವೆನ್ಯೂ ಆ ದಾರಿಗಳೇ. 132 ಅಡಿ ಅಗಲ, ಸರ್ವೆಯವರ ಲೆಕ್ಕದಲ್ಲಿ ಎರಡು ಸರಪಳಿ.

ಸರಪಳಿ ಅಂದೆನಲ್ಲ, ಜಗಳವೂ ಅದರಿಂದಲೇ ಆಯಿತು. ಹೊಲಗಳು ನದಿಯಿಂದ ಹಿಂದಕ್ಕೆ ಉದ್ದುದ್ದ ಪಟ್ಟಿಗಳಾಗಿದ್ದವು. ಎಲ್ಲರ ಮನೆಗೂ ನೀರು, ದಡದ ಮರ, ಪಕ್ಕದಲ್ಲೇ ನೆರೆಮನೆ. ಎರಡು ಮೈಲಿ ಹೊಲ, ಅದರಾಚೆ ಇನ್ನೆರಡು ಮೈಲಿ ಹುಲ್ಲುಗಾವಲು. 1869ರಲ್ಲಿ ಕೆನಡಾ ಈ ಸೀಮೆಯನ್ನು ತುಪ್ಪಳದ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯಿಂದ 3 ಲಕ್ಷ ಪೌಂಡಿಗೆ ಕೊಳ್ಳುವ ಮಾತಾಡಿತು. ಅಲ್ಲಿದ್ದ ಜನರನ್ನು ಒಂದು ಮಾತೂ ಕೇಳಲಿಲ್ಲ. ವ್ಯವಹಾರ ಮುಗಿಯುವ ಮೊದಲೇ ನೆಲವನ್ನು ಚೌಕ ಚೌಕವಾಗಿ ಅಳೆಯಲು ಸರ್ವೆಯವರು ಬಂದರು. ಅಕ್ಟೋಬರ್ 11ರಂದು ಅವರು ಆಂದ್ರೆ ನೋ ಅನ್ನುವ ರೈತನ ಹುಲ್ಲುಗಾವಲಿಗೆ ಬಂದಾಗ, ಅವನ ಬಂಧು, 24 ವರ್ಷದ ಮೆಟಿ ಯುವಕ ಲೂಯಿ ರಿಯೆಲ್ ಅವರ ಅಳತೆ ಸರಪಳಿ ಮೇಲೆ ಕಾಲಿಟ್ಟು ನಿಂತ.

ಆ ಪ್ರತಿರೋಧ ಬೆಳೆದು ಮರುವರ್ಷ ಮ್ಯಾನಿಟೋಬಾ ಪ್ರಾಂತ್ಯ ಹುಟ್ಟಿತು. ಮೆಟಿ ಮಕ್ಕಳಿಗೆ 14 ಲಕ್ಷ ಎಕರೆ ಅಂತ ಕಾಯ್ದೆಯಲ್ಲೇ ಬರೆದರು. ಹಂಚಿಕೆ ವರ್ಷಗಟ್ಟಲೆ ಎಳೆದರು, ಅಷ್ಟರಲ್ಲಿ ಎಷ್ಟೋ ಜನ ಪಶ್ಚಿಮಕ್ಕೆ ಬಂಡಿ ಹೂಡಿದ್ದರು. ಸರಕಾರ ಇದರಲ್ಲಿ ತಪ್ಪಿತು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ!

ಜನ ಚದುರಿದರೂ ನದಿ ದಡದ ಪಟ್ಟಿಗಳು ಮಾತ್ರ ಅಳಿಯಲಿಲ್ಲ. ಆ ಗಡಿಗಳ ಗುಂಟವೇ ರಸ್ತೆ ಎದ್ದವು. ನದಿ ತಿರುಗಿದ ಕಡೆ ಪಟ್ಟಿಯೂ ತಿರುಗಿತ್ತು, ರಸ್ತೆಯೂ ತಿರುಗಿತು. ನಾಳೆ ಊರಿನ ಸೇಂಟ್ ವೈಟಲ್ ಬಡಾವಣೆ ಕಡೆ ಹೋದಾಗ ಜಿಪಿಎಸ್ ‘ಸ್ವಲ್ಪ ಎಡಕ್ಕೆ’ ಅಂದರೆ, ಸುಮ್ನೆ ಬೈಯಬೇಡಿ, ಯಾರದೋ ಹೊಲದ ಬದು ದಾಟುತ್ತಿದ್ದೀರಿ.